ವೈಪರ್ ತಿರುವಿದ ಹಾಳೆ

ಪುಸ್ತಕದ ಹಾಳೆಗಳನ್ನು ತಾನೇ ತಿರುವಿ ಫೋಟೋ ಹಿಡಿಯುವ ಯಂತ್ರವೊಂದನ್ನು ತಿಪ್ಪಯ್ಯ ಮೇಷ್ಟ್ರು ಮನೆಯಲ್ಲೇ ಕಟ್ಟಿದರು. ಹಾಳೆ ತಿರುವುವ ಹುದ್ದೆಗೆ ಗುಜರಿಯಿಂದ ತಂದ ಬಸ್ಸಿನ ವೈಪರನ್ನು ನೇಮಿಸಿದರು. ತಾತನ ಕಾಲದ ನಾಟಿವೈದ್ಯದ ಪುಸ್ತಕವನ್ನು ಅದರ ಕೆಳಗಿಟ್ಟು, ಸ್ವಿಚ್ ಒತ್ತಿ, ಊಟಕ್ಕೆ ಹೋದರು.

ವೈಪರ್ ಮೊದಲ ಹಾಳೆಯನ್ನು ಎಡಕ್ಕೆ ತಳ್ಳಿತು. ರೂಢಿಯಂತೆ ಮತ್ತೆ ಬಲಕ್ಕೆ ಎಳೆದು ತಂದಿತು. ಪ್ರತಿ ಸಲವೂ ಕ್ಯಾಮೆರಾ ಕ್ಲಿಕ್ ಎಂದಿತು.

"ಸ್ವಾಮಿ, ಒಂದೇ ಹಾಳೆಯನ್ನು ಅತ್ತ ಇತ್ತ ಎಳೆದಾಡುತ್ತಿದ್ದೀರಿ. ಹರಿದೇ ಹೋದೀತು, ಮುಂದಕ್ಕೆ ಹೋಗಿ," ಎಂದು ಪುಸ್ತಕ ಬೇಡಿಕೊಂಡಿತು.

"ಹೋದದ್ದು ವಾಪಸ್ ಬರದಿದ್ದರೆ ಅದೆಂಥ ವೈಪರ್? ನನ್ನ ಸರ್ವಿಸ್‌ನಷ್ಟು ನಿನಗೆ ವಯಸ್ಸಾಗಿಲ್ಲ, ಸುಮ್ಮನಿರು!"

ಪುಸ್ತಕ ಕ್ಯಾಮೆರಾಕ್ಕೆ ಮೊರೆಯಿಟ್ಟಿತು: "ನೀವಾದರೂ ನೋಡಿ ಹೇಳಬಾರದೇ?"

"ಫೋಟೋ ತೆಗೆಯುವುದಷ್ಟೇ ನನ್ನ ಕೆಲಸ. ನೋಡುವುದು ಮೇಷ್ಟ್ರಿಗೆ ಬಿಟ್ಟದ್ದು," ಎಂದಿತು ಕ್ಯಾಮೆರಾ.

ಅಷ್ಟರಲ್ಲಿ ಹಾಳೆ ಹರಿದು ನೆಲಕ್ಕೆ ಬಿತ್ತು. ಅದರಡಿಯ ಅಕ್ಷರ ತುಂಬಿದ ಎರಡನೆಯ ಹಾಳೆಯನ್ನು ಕಂಡು ವೈಪರ್ ನಿಟ್ಟುಸಿರಿಟ್ಟಿತು:

"ಅಯ್ಯೋ! ಅಷ್ಟು ಒರೆಸಿ ಒಂದನ್ನು ಮುಗಿಸಿದರೆ, ಇದರ ತುಂಬಾ ಮತ್ತೆ ಅದೇ ಕಪ್ಪು ಕೊಳೆ!"