ನಾಲ್ಕು ಜೊತೆ ಬಲ್ಬು

“ಅಜ್ಜಾರೇ, ಇಲ್ಲಿ ಕುಂತ್ರೆ ಮನಸ್ಸು ನೆಟ್ಟಗಿರ್ತೈತೆ. ಮನೆಗೆ ಹೋಗಿ ಜನರ ನಡುವೆ ಕುಂತ ಕೂಡ್ಲೇ ಕೆಡ್ತೈತೆ. ಇನ್ನು ಯಾವ ಸಾಧನೆ ಹಿಡೀಲಿ?”

ಕೇಳಿದವನು ಕೊಟ್ರಪ್ಪ ಎಂಬ ಶಿಷ್ಯ. ಊರಿನ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೂರು ವರ್ಷದಿಂದ ದಿನಾ ಬೆಳಗ್ಗೆ ಮಠಕ್ಕೆ ಬಂದು ಕಂಬದ ಪಕ್ಕ ಒಂದು ಗಂಟೆ ಕಣ್ಣು ಮುಚ್ಚಿ ಕೂರುತ್ತಿದ್ದ. ಮೊದಲು ಜಪ ಹಿಡಿದ. ಅದು ಸಾಲದೆನಿಸಿ ಉಸಿರು ಕಟ್ಟುವುದನ್ನು ಕಲಿತ. ಆಮೇಲೆ ಸೋಮವಾರದ ಉಪವಾಸ ಬಂತು, ಅದರ ಹಿಂದೆ ಗುರುವಾರದ ಮೌನ ಬಂತು. ಈಗ ಮತ್ತೊಂದು ಬೇಕೆಂದು ಬಂದಿದ್ದ. ನಿಂತಲ್ಲಿ ನಿಲ್ಲಲಾರದೆ ಹೆಗಲ ಮೇಲಿನ ಟವೆಲನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಿದ್ದ.

ಮಠದ ಅಜ್ಜಯ್ಯ ಅವನಿಗೆ ಕೂರಲು ಹೇಳಿದರು. “ಒಂದು ಕಾರಿನ ಕತೆ ಐತೆ, ಕೇಳು,” ಎಂದರು. ಮಠದಲ್ಲಿ ಕಾರಿನ ಕತೆಯೇ ಎಂದು ಕೊಟ್ರಪ್ಪನ ಹುಬ್ಬು ಮೇಲೇರಿತು. ಅಜ್ಜಯ್ಯ ಅದನ್ನು ಕಂಡೂ ಕಾಣದವರಂತೆ ಶುರು ಮಾಡಿದರು.

ಒಬ್ಬ ಜವಳಿ ವ್ಯಾಪಾರಿ ಇದ್ದ. ಅವನ ಬಳಿ ಒಂದು ಹಳೆಯ ಸ್ಪೋರ್ಟ್ಸ್ ಕಾರು ಇತ್ತು. ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತೆ ತಗ್ಗು, ಮುಂದೆ ಎರಡು ದುಂಡನೆಯ ದೀಪ. ಅಣೆಕಟ್ಟು ಕಟ್ಟಲು ಬಂದಿದ್ದ ಎಂಜಿನಿಯರೊಬ್ಬ ಕೆಲಸ ಮುಗಿಸಿ ಹೋಗುವಾಗ ವ್ಯಾಪಾರಿಯ ತಂದೆಗೆ ಬಿಟ್ಟುಹೋದದ್ದು. ತಂದೆ ಅದನ್ನು ಗೋದಾಮಿನಲ್ಲಿ ಬಟ್ಟೆಯ ಬೇಲುಗಳ ಹಿಂದೆ ನಿಲ್ಲಿಸಿ ಮರೆತೇಬಿಟ್ಟಿದ್ದ. ಮಗ ಹೊರಗೆಳೆದು, ಎರಡು ವರ್ಷ ಬೆನ್ನು ಹತ್ತಿ ರಿಪೇರಿ ಮಾಡಿಸಿ, ಓಡುವ ಹಾಗೆ ಮಾಡಿದ. ಅದು ಓಡಿದ ವರ್ಷವೇ ಅವನ ಮದುವೆಯೂ ಆಯಿತು.

ಮನೆ ತುಂಬಿದ ಮನೆ. ಅಂಗಡಿಯಲ್ಲಿ ಗಿರಾಕಿಗಳು, ಮನೆಯಲ್ಲಿ ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು. ಗಂಡ ಹೆಂಡತಿ ಇಬ್ಬರೇ ಕೂತು ನಾಲ್ಕು ಮಾತಾಡಲು ಆ ಕಾರು ಬಿಟ್ಟರೆ ಬೇರೆ ಜಾಗವಿರಲಿಲ್ಲ. ತಿಂಗಳಿಗೊಂದು ಭಾನುವಾರ ಅವಳ ತವರಿಗೆ ಹೋಗುವುದು, ಸಂಜೆ ಮರಳುವುದು. ಹೋಗುವಾಗ ಇಪ್ಪತ್ತು ಮೈಲಿ, ಬರುವಾಗ ಇಪ್ಪತ್ತು ಮೈಲಿ. ಮಿಕ್ಕ ಇಪ್ಪತ್ತೊಂಬತ್ತು ದಿನ ಇಬ್ಬರೂ ಆ ನಲವತ್ತು ಮೈಲಿಗಾಗಿ ಕಾಯುತ್ತಿದ್ದರು. ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ, ಅಷ್ಟೇ.

ಮೊದಲ ಸಲ ಮರಳುವಾಗಲೇ ತೊಂದರೆ ಕಾಣಿಸಿತು. ತವರಿನವರು ಶೇಂಗಾ ಚೀಲ, ಹಪ್ಪಳದ ಡಬ್ಬಿ, ಎರಡು ಕುಂಬಳಕಾಯಿ ಹಿಂದೆ ತುಂಬಿ ಕಳಿಸಿದ್ದರು. ಹೊತ್ತು ಮುಳುಗಿತು. ವ್ಯಾಪಾರಿ ದೀಪ ಹಾಕಿದ. ಮುಂದೆ ರಸ್ತೆ ಸರಿಯಾಗಿ ಕಾಣಲಿಲ್ಲ. ಎದುರಿಗೆ ಬಂದ ಗಾಡಿಯ ಎತ್ತುಗಳು ಬೆದರಿದವು, ಗಾಡಿಯವನು ಬಾಯಿಗೆ ಬಂದಂತೆ ಬೈದ.

“ಬೆಳಕು ಮರದ ಮೇಲೆ ಬೀಳ್ತೈತೆ, ನೋಡ್ರಿ,” ಎಂದಳು ಹೆಂಡತಿ.

“ಬಲ್ಬು ಹಳೇದಾಗೈತೆ. ನಿನಗೆ ಗೊತ್ತಾಗಲ್ಲ, ಸುಮ್ಮನಿರು,” ಎಂದ ವ್ಯಾಪಾರಿ.

ಮಾರನೆಯ ಸಂಜೆ ಅವನು ಕಾರನ್ನು ಗೋದಾಮಿನ ಗೋಡೆಯ ಮುಂದೆ ನಿಲ್ಲಿಸಿದ. ಗೋಡೆಯ ಮೇಲೆ ದೀಪದ ಎತ್ತರಕ್ಕೆ ಸುಣ್ಣದಲ್ಲಿ ಒಂದು ಗೆರೆ ಎಳೆದಿತ್ತು. ರಿಪೇರಿ ಮಾಡಿದವರು ಎಳೆದದ್ದು. ದೀಪ ಹಾಕಿ, ಕಾರಿನಿಂದ ಇಳಿದು, ಸೊಂಟದ ಮೇಲೆ ಕೈಯಿಟ್ಟು ನೋಡಿದ. ಬೆಳಕು ಗೆರೆಯ ಕೆಳಗೆ ಅಚ್ಚುಕಟ್ಟಾಗಿ ಬಿದ್ದಿತ್ತು. ಹೆಂಡತಿ ಕಂಡದ್ದೂ ನಿಜ, ಗೋಡೆ ತೋರಿಸಿದ್ದೂ ನಿಜ. ವ್ಯಾಪಾರಿ ಗೋಡೆಯನ್ನು ನಂಬಿದ.

ದಿಕ್ಕು ಸರಿಯಿದೆ ಎಂದಮೇಲೆ ಬಲ್ಬೇ ಮಂಕಾಗಿರಬೇಕು. ಹೀಗೆ ತೀರ್ಮಾನಿಸಿ ಎರಡನೆಯ ಜೊತೆ ತಂದ. ದೀಪದ ಸುತ್ತಲಿನ ಹೊಳೆಯುವ ಬಳೆ ಬಿಚ್ಚಿದ. ಗಾಜಿನ ಬಟ್ಟಲು ಹೊರತೆಗೆದ. ಹಿಂದಿನ ರಬ್ಬರ್ ಟೊಪ್ಪಿಗೆ ಕಿತ್ತ. ಹೊಸ ಬಲ್ಬನ್ನು ಮಲ್ ಬಟ್ಟೆಯ ತುಂಡಿನಲ್ಲಿ ಹಿಡಿದು ಕೂರಿಸಿದ. ಬರಿಗೈ ತಾಗಿದರೆ ಬೆರಳಿನ ಜಿಡ್ಡಿಗೆ ಗಾಜು ಕೆಡುತ್ತದೆ ಎಂದು ಅಂಗಡಿಯವನು ಎಚ್ಚರಿಸಿದ್ದ. ಬಲ್ಬಿನ ಬುಡಕ್ಕೆ ತಗಡಿನ ಮೂರು ಕಿವಿ. ಒಂದೇ ರೀತಿಯಲ್ಲಿ ಕೂರುತ್ತದೆ, ತಿರುಗಿಸಿ ಹಾಕುತ್ತೇನೆಂದರೆ ಕೂರುವುದಿಲ್ಲ. ವ್ಯಾಪಾರಿ ಅದನ್ನೆಲ್ಲ ಒಂದಿಷ್ಟೂ ತಪ್ಪಿಲ್ಲದೆ ಮಾಡಿದ. ಕೈಕೆಲಸದಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ, ಪಾಪ.

ಗೋಡೆಯ ಮುಂದೆ ನೋಡಿದ, ಸರಿಯಿತ್ತು. ಒಬ್ಬನೇ ಊರ ಹೊರಗೆ ಹೋಗಿ ಬಂದ. ರಸ್ತೆ ಹಗಲಿನಷ್ಟು ಸ್ಪಷ್ಟ. ತಿಂಗಳು ತುಂಬಿ ಹೆಂಡತಿಯೊಂದಿಗೆ ತವರಿನಿಂದ ಮರಳಿದ. ಮತ್ತೆ ರಸ್ತೆ ಕಾಣಲಿಲ್ಲ, ಮತ್ತೆ ಎದುರಿನವರು ಬೈದರು.

ಯಾರೋ ಹೇಳಿದರು, ದೂಳಿನ ರಸ್ತೆಗೆ ಬಿಳಿ ಬೆಳಕು ಆಗಿಬರುವುದಿಲ್ಲ, ಹಳದಿ ಬೇಕು ಎಂದು. ಮೂರನೆಯ ಜೊತೆ ಹಳದಿ ಬಂತು. ಗೋಡೆಯ ಮೇಲೆ ಅರಿಸಿನ ಬಳಿದಂತೆ ಚೆನ್ನಾಗಿಯೇ ಇತ್ತು. ತವರಿನ ದಾರಿಯಲ್ಲಿ ಮಾತ್ರ ಅದೇ ಹಾಡು.

ಈಗ ಅವನ ಮೈಯಲ್ಲಿ ಇರುವೆ ಬಿಟ್ಟಂತಾಯಿತು. ಅಂಗಡಿಯಲ್ಲಿ ಕೂತರೆ ಕೂರಲಾಗದು. ಗಜಕಡ್ಡಿ ಹಿಡಿದವನು ಎಷ್ಟು ಗಜ ಅಳೆದೆನೆಂದು ಮರೆತು ಮತ್ತೆ ಮೊದಲಿನಿಂದ ಅಳೆಯುವನು. ಸಂಜೆಯಾದರೆ ಗೋಡೆಯ ಮುಂದೆ ಹಾಜರು. ದೀಪ ಹಾಕುವುದು, ಇಳಿಯುವುದು, ನೋಡುವುದು, ಆರಿಸುವುದು, ಐದು ನಿಮಿಷ ಬಿಟ್ಟು ಮತ್ತೆ ಹಾಕುವುದು. ಯಜಮಾನರು ಗೋಡೆಗೆ ಆರತಿ ಎತ್ತುತ್ತಿದ್ದಾರೆ ಎಂದು ಗುಮಾಸ್ತರು ಬೆನ್ನ ಹಿಂದೆ ನಗುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ಹೆಂಡತಿ ದಿನವೂ ಇದನ್ನು ನೋಡುತ್ತಿದ್ದಳು. ಗೋಡೆ ಅವಳಿಗೆ ಕಾಣುತ್ತಿತ್ತು, ಖಾಲಿ ಕಾರೂ ಕಾಣುತ್ತಿತ್ತು. ಆದರೆ ಸುಮ್ಮನಿರು ಎನಿಸಿಕೊಂಡವಳು, ಸುಮ್ಮನಿದ್ದಳು.

ನಾಲ್ಕನೆಯ ಜೊತೆಗೆ ಅವನು ರಾಜಧಾನಿಗೇ ಹೋದ. ಬಿಡಿಭಾಗಗಳ ಬೀದಿಯಲ್ಲಿ ಒಂದು ದಿನವಿಡೀ ಅಲೆದು, ಇದ್ದವುಗಳಲ್ಲೇ ಪ್ರಖರವಾದದ್ದನ್ನು ಆರಿಸಿದ. ಅದರ ಕರೆಂಟಿನ ಹಸಿವನ್ನು ಹಳೆಯ ಕಾರು ತಾಳಲಿಲ್ಲ. ದೀಪ ಹಾಕಿದರೆ ಬ್ಯಾಟರಿಯ ಮುಳ್ಳು ಕೆಳಗೆ ಬೀಳುವುದು, ಸ್ವಿಚ್ಚು ಮುಟ್ಟಲಾಗದಷ್ಟು ಕಾಯುವುದು. ಹಳೆಯ ವೈರು ಕಿತ್ತು ಬೆರಳು ಗಾತ್ರದ ವೈರು ಎಳೆಸಿದ. ಗೋಡೆಯ ಮೇಲೆ ಬಿದ್ದ ಬೆಳಕಿಗೆ ಸುಣ್ಣದ ಗೆರೆಯೇ ಕಾಣದಾಯಿತು. ಈ ಸಲ ಗೆದ್ದೆ ಅಂದುಕೊಂಡ.

ಆ ಭಾನುವಾರ ಮರಳುವಾಗ ಹಳ್ಳದ ತಿರುವಿನಲ್ಲಿ ಎದುರಿನಿಂದ ಒಬ್ಬ ಸೈಕಲ್ಲಿನವನು ಬಂದ. ಬೆಳಕು ಮುಖಕ್ಕೆ ಹೊಡೆದದ್ದೇ ತಡ, ಕಣ್ಣಿಗೆ ಕೈ ಅಡ್ಡ ಹಿಡಿದ, ದಾರಿ ತಪ್ಪಿ ಕಲ್ಲಿನ ಮೇಲೆ ಬಿದ್ದ. ಹಣೆ ಒಡೆಯಿತು. ವ್ಯಾಪಾರಿ ಕಾರು ನಿಲ್ಲಿಸುವಷ್ಟರಲ್ಲಿ ಹೆಂಡತಿ ಇಳಿದು ಓಡಿದ್ದಳು. ಬಿದ್ದವನನ್ನು ಎಬ್ಬಿಸಿ ಕೂರಿಸಿ, ಸೆರಗಿನಿಂದ ರಕ್ತ ಒರೆಸಿದಳು. ವ್ಯಾಪಾರಿಯೂ ಇಳಿದ. ಇಳಿದವನು ಬಗ್ಗಿ ದೀಪ ನೋಡುತ್ತಾ ನಿಂತ.

ಹೆಂಡತಿ ಎದ್ದು ಬಂದು ಗಂಡನ ಮುಖ ನೋಡಿದಳು. ಅವನಿಗೆ ನಾಚಿಕೆಯಾಯಿತು, ಭಯವಾಯಿತು, ಎರಡೂ ಸೇರಿ ಸಿಟ್ಟಾಯಿತು. ಬಾಯಿಗೆ ಬರಬಾರದ ಮಾತು ಬಂತು.

“ನಾನೊಬ್ಬನೇ ಬಂದಾಗ ಏನೂ ಆಗಲ್ಲ. ನೀನು ಕುಂತ್ರೇನೇ ಹಿಂಗಾಗೋದು,” ಎಂದ.

“ಹಂಗಾದ್ರೆ ಒಬ್ರೇ ಓಡಾಡ್ರಿ,” ಎಂದಳು ಅವಳು.

ಮುಂದಿನ ತಿಂಗಳು ಅವಳು ಬಸ್ಸು ಹತ್ತಿದಳು. ವ್ಯಾಪಾರಿ ತಡೆಯಲಿಲ್ಲ. ಅಂಗಡಿ ಬಾಗಿಲು ಹಾಕಿ, ಕಾರು ತೆಗೆದುಕೊಂಡು, ಬಸ್ಸಿನ ಹಿಂದೆಯೇ ಇಪ್ಪತ್ತು ಮೈಲಿ ಹೋದ. ಸಂಜೆ ಬಸ್ಸಿನ ಹಿಂದೆಯೇ ಬಂದ. ದೀಪ ಒಂದು ಗೆರೆ ಆಚೀಚೆಯಾಗದೆ ರಸ್ತೆಯ ಮೇಲೆ ಬಿದ್ದಿತ್ತು. ಎದುರಿನವರು ಯಾರೂ ಬೈಯಲಿಲ್ಲ. ಬಸ್ಸಿನ ಹಿಂದಿನ ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು, ಒಮ್ಮೆಯೂ ಹಿಂದೆ ತಿರುಗಲಿಲ್ಲ. ಪಕ್ಕದ ಖಾಲಿ ಸೀಟು ನೋಡಿದ. ತನ್ನ ಮಾತು ಸರಿಯೆಂದು ದೀಪ ಸಾಕ್ಷಿ ಹೇಳುತ್ತಿದೆ. ಆ ಸಾಕ್ಷಿ ಯಾರಿಗೆ ಬೇಕಾಗಿತ್ತು ಎಂದು ಆಗ ಅವನಿಗೇ ಅನ್ನಿಸಿತು.

ಹಾಗನ್ನಿಸಿದರೂ ಮನುಷ್ಯ ಮೊದಲು ಹೋದದ್ದು ಬಲ್ಬು ಹುಡುಕಿಕೊಂಡೇ. ಚಾಳಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಪಕ್ಕದ ಊರಿನಲ್ಲಿ ಲಾರಿಗಳ ದೀಪ ಕಟ್ಟುವ ಒಬ್ಬ ಮುದುಕ ಮೇಸ್ತ್ರಿ ಇದ್ದ. ಅವನ ಬಳಿಗೆ ಕಾರು ಒಯ್ದು, ಐದನೆಯ ಜೊತೆ ಯಾವುದು ಹಾಕಲಿ ಎಂದು ಕೇಳಿದ. ಬಿಚ್ಚಿಟ್ಟಿದ್ದ ಮೂರು ಜೊತೆಯನ್ನೂ ಡಬ್ಬಿಯಿಂದ ತೆಗೆದು ತೋರಿಸಿದ. ಮೇಸ್ತ್ರಿ ಬಲ್ಬುಗಳ ಕಡೆ ನೋಡಲಿಲ್ಲ. ಕಾರಿನ ಹಿಂಭಾಗಕ್ಕೆ ಹೋಗಿ, ಎರಡು ಕೈಯಿಂದ ಒತ್ತಿ ಬಿಟ್ಟ. ಹಳೆಯ ಸ್ಪ್ರಿಂಗ್ ಪಟ್ಟಿಗಳು ಸುಸ್ತಾಗಿ ಕೆಳಗಿಳಿದು, ಮೆಲ್ಲಗೆ ಮೇಲೆ ಬಂದವು.

“ಇದ್ರಾಗೆ ಯಾರ್‍ಯಾರು ಕೂರ್ತೀರಿ?” ಎಂದು ಕೇಳಿದ.

“ನಾನು. ನನ್ನ ಹೆಂಡತಿ.”

“ಅವರೆಲ್ಲಿ?”

ವ್ಯಾಪಾರಿ ಬಲ್ಬುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕತೊಡಗಿದ.

“ಕರಕೊಂಡು ಬರ್ರಿ. ಹಿಂದೆ ಏನು ಹೇರ್ತೀರೋ ಅದನ್ನೂ ತರ್ರಿ. ಖಾಲಿ ಗಾಡಿಗೆ ನಾನು ದೀಪ ಕಟ್ಟಲ್ಲ,” ಎಂದು ಮೇಸ್ತ್ರಿ ತನ್ನ ಕೆಲಸಕ್ಕೆ ಹೊರಟುಹೋದ. ಲಾರಿಯವರಿಗೂ ಅವನದು ಅದೇ ಪದ್ಧತಿ. ಮಾಲು ಹೇರಿ, ಕ್ಲೀನರನ್ನೂ ಒಳಗೆ ಕೂರಿಸಿ, ಆಮೇಲೆ ಗೋಡೆಯ ಮುಂದೆ ನಿಲ್ಲಿಸಬೇಕು. ಎಷ್ಟು ಅವಸರವಿದ್ದರೂ ಅವನು ಅದನ್ನು ಬಿಟ್ಟವನಲ್ಲ.

ಬಲ್ಬು ತರಲು ರಾಜಧಾನಿಗೆ ಹೋಗುವುದು ವ್ಯಾಪಾರಿಗೆ ಕಷ್ಟವಾಗಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗುವುದು ಕಷ್ಟವಾಯಿತು. ಎರಡು ದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ಓಡಾಡಿದ. ನೀರು ಕುಡಿಯುವ ನೆವದಲ್ಲಿ ಒಳಗೆ ಹೋಗಿ, ನೀರು ಕುಡಿದು ಹೊರಗೆ ಬಂದ. ಆ ಎರಡು ದಿನದಲ್ಲಿ ಅವನು ಕುಡಿದ ನೀರಿಗೆ ಲೆಕ್ಕವಿಲ್ಲ. ಮೂರನೆಯ ದಿನ ಬಾಗಿಲಲ್ಲೇ ನಿಂತು, “ನೀನು ಕೂರದೆ ದೀಪ ಕಟ್ಟಕ್ಕೆ ಬರಲ್ಲವಂತೆ,” ಎಂದ.

ಅವಳು ಒಲೆಯ ಮುಂದಿನಿಂದ ಎದ್ದು ಕೈ ತೊಳೆದಳು. ಶೇಂಗಾ ಚೀಲ ತಾನೇ ಎತ್ತಿ ಹಿಂದೆ ಇಟ್ಟಳು. ಸಂಜೆಯ ಹೊತ್ತಿಗೆ ಇಬ್ಬರೂ ಮೇಸ್ತ್ರಿಯ ಗೋಡೆಯ ಮುಂದಿದ್ದರು.

ಮೇಸ್ತ್ರಿ ಮೊದಲು ಇಬ್ಬರನ್ನೂ ಇಳಿಸಿ, ಚೀಲವನ್ನೂ ಇಳಿಸಿ, ದೀಪ ಹಾಕಿದ. ಬೆಳಕು ಬಿದ್ದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆದ. ಆಮೇಲೆ ಚೀಲ ಇಡಿಸಿದ. ವ್ಯಾಪಾರಿಯನ್ನು ಕೂರಿಸಿದ, ಅವನ ಹೆಂಡತಿಯನ್ನು ಕೂರಿಸಿದ. ಕಾರಿನ ಹಿಂಭಾಗ ತಗ್ಗಿತು, ಮೂತಿ ಎದ್ದಿತು. ಗೋಡೆಯ ಮೇಲಿನ ಬೆಳಕು ಗೆರೆ ಬಿಟ್ಟು ಏರುತ್ತಾ ಏರುತ್ತಾ ಸೂರಿನ ತಗಡಿಗೆ ಮುಟ್ಟಿತು.

ವ್ಯಾಪಾರಿ ಕಾರಿನೊಳಗಿನಿಂದ ಅದನ್ನು ನೋಡಿದ. ಗೋಡೆಯ ಮುಂದೆ ಅಷ್ಟು ಸಂಜೆ ಕಳೆದವನು, ಒಳಗೆ ಕೂತು ಗೋಡೆ ನೋಡಿದ್ದು ಅದೇ ಮೊದಲು. ಹಳ್ಳದ ತಿರುವಿನ ಸೈಕಲ್ಲಿನವನು ಕಣ್ಣಿಗೆ ಕೈ ಹಿಡಿದದ್ದು ನೆನಪಾಯಿತು. ಅವಳಿಗೆ ಅಂದ ಮಾತು ನೆನಪಾಗಿ ಕಿವಿ ಬಿಸಿಯಾಯಿತು.

“ದಿನಾ ಗೋಡೆ ಮುಂದೆ ನಿಲ್ತಿದ್ರಿ. ಒಂದು ದಿನ ಬಾ ಅಂತ ನನ್ನ ಕರೀಲಿಲ್ಲ,” ಎಂದಳು ಹೆಂಡತಿ.

ಅವನು ತಲೆ ತಗ್ಗಿಸಿದ. “ನಂದೇ ತಪ್ಪು,” ಎಂದ.

ಮೇಸ್ತ್ರಿ ಹೊಳೆಯುವ ಬಳೆ ಬಿಚ್ಚಿ, ಪ್ರಖರವಾದ ಬಲ್ಬುಗಳನ್ನು ತೆಗೆದಿಟ್ಟು, ಡಬ್ಬಿಯಲ್ಲಿದ್ದ ಸಾಧಾರಣ ಜೊತೆಯೊಂದನ್ನು ಹಾಕಿದ. ಪ್ರತಿ ದೀಪದ ನೆತ್ತಿಯ ಮೇಲೆ ಒಂದು ಸಣ್ಣ ತಿರುಪು ಇತ್ತು. ಅದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಬೆಳಕು ಸೂರಿನಿಂದ ಇಳಿದು, ಗೆರೆಯ ಬಳಿ ಬಂದು ನಿಂತಿತು. ಇಷ್ಟಕ್ಕೆ ಒಂದು ಬೀಡಿ ಸೇದುವಷ್ಟು ಹೊತ್ತೂ ಹಿಡಿಯಲಿಲ್ಲ.

“ಒಬ್ರೇ ಹೋದಾಗ ಬೆಳಕು ಒಂಚೂರು ತಗ್ಗಿರ್ತೈತೆ. ಇರ್ಲಿ ಬಿಡ್ರಿ, ನಿಧಾನಕ್ಕೆ ಹೋಗ್ರಿ,” ಎಂದು ಕೈ ಒರೆಸಿಕೊಂಡ.

ಅಜ್ಜಯ್ಯ ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕೊಟ್ರಪ್ಪ ಇನ್ನೂ ಏನಾದರೂ ಬರುತ್ತದೆಂದು ಸ್ವಲ್ಪ ಹೊತ್ತು ಕಾದ. ಬರಲಿಲ್ಲ. ಅವನು ಟವೆಲನ್ನು ಮಡಿಲಲ್ಲಿ ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಕಡೆಗೆ ತಡೆಯಲಾರದೆ, “ಕತೆ ತಿಳೀತು ಅಜ್ಜಾರೇ. ನಾನು ಯಾವ ಸಾಧನೆ ಹಿಡೀಬೇಕು, ಅದನ್ನ ಹೇಳ್ಲಿಲ್ಲ,” ಎಂದ.

“ನಿನಗೆ ಐದನೇ ಜೊತೆ ಬಲ್ಬು ಬ್ಯಾಡ. ನಾಳೆ ಬರುವಾಗ, ಮನೆಯಾಗೆ ಯಾರ ಕೂಡ ಮಾತು ಬಿಟ್ಟೀಯೋ ಅವರನ್ನ ಕರಕೊಂಡು ಬಂದು ಪಕ್ಕದಾಗೆ ಕುಂದ್ರಿಸ್ಕೋ,” ಎಂದರು ಅಜ್ಜಯ್ಯ.

ಕೊಟ್ರಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೊರಟ.