ಮೊದಲ ಪುಟದ ಕೊಲೆಗಾರ

ಊರ ವಾಚನಾಲಯದಲ್ಲಿ ಒಂದು ಪತ್ತೇದಾರಿ ಕಾದಂಬರಿ ಇತ್ತು. ಒಮ್ಮೆ ಅದು ಓದುಗರ ಮನೆಯಿಂದ ಕಪಾಟಿಗೆ ಮರಳಿದಾಗ, ಅದರ ಮೊದಲ ಪುಟದಲ್ಲಿ ಯಾರೋ ಪೆನ್ನಿನಿಂದ ಬರೆದಿದ್ದರು: 'ಕೊಲೆಗಾರ ಅಡುಗೆಭಟ್ಟ.' ಕಾದಂಬರಿಗೆ ಜೀವವೇ ಹೋದಂತಾಯಿತು.

"ಇನ್ನು ನಿನಗೆ ರದ್ದಿ ಅಂಗಡಿಯೇ ಗತಿ," ಎಂದಿತು ಪಕ್ಕದ ದಪ್ಪ ವಿಮರ್ಶಾಗ್ರಂಥ. "ನಿನ್ನಲ್ಲಿ ಇದ್ದದ್ದು ಒಂದೇ ಗುಟ್ಟು. ಅದೂ ಬಯಲಾಯಿತು."

ಗಾಜಿನ ಪೆಟ್ಟಿಗೆಯೊಳಗಿನ ಹಳೆಯ ತಾಳೆಗರಿಯ ಕಟ್ಟು ಕಾದಂಬರಿಯನ್ನು ಮೆಲ್ಲನೆ ಕೇಳಿತು: "ಮಗೂ, ನನ್ನ ಕಥೆಯಲ್ಲಿ ರಾಕ್ಷಸ ಸಾಯುತ್ತಾನೆಂದು ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಆದರೂ ಏಳು ತಲೆಮಾರಿನ ಜನ ಚಾಪೆ ಹಿಡಿದು ಕೇಳಲು ಬಂದರಲ್ಲ, ಯಾಕೆ?"

"ನಿಮ್ಮದು ಪುಣ್ಯಕಥೆ, ಅಜ್ಜ. ನನ್ನದು ಬರೀ ಹೊತ್ತು ಕಳೆಯುವ ಕಥೆ."

"ನನ್ನನ್ನೂ ಮೊದಮೊದಲು ಹಾಗೇ ಅನ್ನುತ್ತಿದ್ದರು."

ಅಷ್ಟರಲ್ಲಿ ದರ್ಜಿ ಹುಚ್ಚೀರಪ್ಪ ಬಂದು ಕಪಾಟಿನಲ್ಲಿ ತಡಕಾಡಿ ಅದೇ ಕಾದಂಬರಿಯನ್ನು ಹೊರಗೆಳೆದ. ವಾಚನಾಲಯ ನೋಡಿಕೊಳ್ಳುವ ಶಾಂತಕ್ಕ ಮೊದಲ ಪುಟ ತೆರೆದವಳೇ, "ಯಾರೋ ಕೆಡಿಸಿಟ್ಟಿದ್ದಾರೆ, ಬೇರೆ ತಗೊಳ್ಳಿ," ಎಂದಳು. ಕಾದಂಬರಿ ಹಾಳೆ ಅಲುಗಿಸದೆ ಕಾಯಿತು.

"ಬರೆದವನು ನಾನೇ ಅಕ್ಕಾ. ಓದಿದ್ದನ್ನೇ ಮರೆತು ಮತ್ತೆ ಒಯ್ಯಬಾರದು ಅಂತ ಗುರುತು ಹಾಕಿದ್ದೆ."

"ಮತ್ತೆ ಈಗ?"

"ಈಗ ಮರೆತು ಒಯ್ಯುತ್ತಿಲ್ಲ," ಎಂದು ಹುಚ್ಚೀರಪ್ಪ ಪುಸ್ತಕವನ್ನು ಕಂಕುಳಿಗೆ ಸೇರಿಸಿಕೊಂಡ. "ಆ ಭಟ್ಟ ಸಿಕ್ಕಿಬೀಳೋದನ್ನ ಇನ್ನೊಂದು ಸಲ ನೋಡಬೇಕು."