ನಡುಕ ನಿಂತ ಇಲಿಗಳು

"ಬುದ್ಧಿ, ಗದ್ದಲವನ್ನು ಅಡಗಿಸಿ ಶಾಂತಿಯನ್ನು ನೆಲೆಗೊಳಿಸುವುದು ಧರ್ಮಕಾರ್ಯವೋ ಅಲ್ಲವೋ?"

ಹೀಗೆಂದು ಗುರುಗಳ ಮುಂದೆ ಕೈಮುಗಿದು ನಿಂತವನು ಮರುಳಸಿದ್ಧ. ಮಠದ ಉಚಿತ ಪ್ರಸಾದನಿಲಯದ ಆಡಳಿತವು ಅವನ ಕೈಯಲ್ಲಿತ್ತು. ಪ್ರಶ್ನೆಯ ರೂಪದಲ್ಲಿ ಅವನು ಮೆಚ್ಚುಗೆಯನ್ನೇ ಬೇಡುತ್ತಿದ್ದನು.

ನಡೆದದ್ದು ಇಷ್ಟು. ಅನ್ನದಲ್ಲಿ ಹುಳು ಬರುತ್ತಿದೆಯೆಂದು ನಿಲಯದ ವಿದ್ಯಾರ್ಥಿಗಳು ತಟ್ಟೆ ಬಡಿದು ಗಲಾಟೆಯೆಬ್ಬಿಸಿದ್ದರು. ಅಕ್ಕಿಯಾದರೋ ಮಠದ ಹಿರಿಯ ಭಕ್ತರೊಬ್ಬರು ಕಾಣಿಕೆಯಾಗಿ ಕಳುಹಿಸುತ್ತಿದ್ದುದು. ಅವರ ಮನಸ್ಸನ್ನು ನೋಯಿಸುವಂತಿರಲಿಲ್ಲ. ಮರುಳಸಿದ್ಧನು ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ, "ನೀವು ಉಣ್ಣುತ್ತಿರುವುದು ಪ್ರಸಾದ. ಪ್ರಸಾದವನ್ನು ಹಳಿಯುವ ನಾಲಗೆಗೆ ಈ ನಿಲಯದಲ್ಲಿ ಜಾಗವಿಲ್ಲ" ಎಂದು ಹೇಳಿದ್ದನು. ಬಡವರ ಮಕ್ಕಳು, ನಿಲಯ ತಪ್ಪಿದರೆ ಓದೂ ತಪ್ಪುವುದು. ಅಂದಿನಿಂದ ಒಬ್ಬರೂ ಬಾಯಿ ತೆರೆದಿರಲಿಲ್ಲ.

"ಈಗ ಪಂಕ್ತಿಯಲ್ಲಿ ತಟ್ಟೆಯ ಸದ್ದೂ ಇಲ್ಲ, ಬುದ್ಧಿ. ಅಕ್ಕಿಯೂ ಮೊದಲಿನಷ್ಟು ಹಿಡಿಯುವುದಿಲ್ಲ. ಉಗ್ರಾಣದಲ್ಲಿ ಮೂಟೆಗಳು ಉಳಿಯುತ್ತಿವೆ. ಇಷ್ಟಾದರೂ ತಾವು ಪ್ರಸನ್ನರಾದಂತೆ ಕಾಣಲಿಲ್ಲ. ನನ್ನಿಂದ ಏನಾದರೂ ಲೋಪವಾಯಿತೇ?"

ಗುರುಗಳು ಅವನನ್ನು ದಿಟ್ಟಿಸಿ ನೋಡಿದರು. "ಕುಳಿತುಕೋ" ಎಂದರು. ಮರುಳಸಿದ್ಧನು ಕುಳಿತನು. ಗುರುಗಳು ಕತೆಯನ್ನು ಆರಂಭಿಸಿದರು.

ಒಬ್ಬಳು ನರವಿಜ್ಞಾನಿಯಿದ್ದಳು. ನಮ್ಮ ಒಡಲಿನ ನರತಂತುಗಳಿಗೆ ಒಂದು ಹೊದಿಕೆಯುಂಟು. ಬಾಳೆಯ ದಿಂಡನ್ನು ಪಟ್ಟೆಯ ಮೇಲೆ ಪಟ್ಟೆ ಬಿಗಿದು ಸುತ್ತಿಕೊಂಡಿರುವಂತೆ ಅದು ತಂತುವನ್ನು ಸುತ್ತಿಕೊಂಡಿರುತ್ತದೆ. ಮೈಲಿನ್ ಎಂದು ಅದರ ಹೆಸರು. ಅದು ಇದ್ದರೆ ಮೆದುಳಿನ ಅಪ್ಪಣೆಯು ಕಣ್ಣುಮುಚ್ಚಿ ತೆರೆಯುವುದರೊಳಗೆ ಕಾಲ್ಬೆರಳನ್ನು ಮುಟ್ಟುವುದು. ಇಲ್ಲದಿದ್ದರೆ ನಡುದಾರಿಯಲ್ಲೇ ಸೊರಗುವುದು. ಆ ಪದರಗಳನ್ನು ಒಂದಕ್ಕೊಂದು ಬೆಸೆದು ಹಿಡಿಯುವ ಪ್ರೋಟೀನೊಂದರ ಬೆನ್ನುಹತ್ತಿ ಆಕೆ ತನ್ನ ಯೌವನವನ್ನೆಲ್ಲ ಸವೆಸಿದ್ದಳು.

ಆ ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಇಲಿಗಳನ್ನು ಆಕೆ ಸಾಕಿದ್ದಳು. ಮಲಗಿರುವಾಗ ಅವು ಎಲ್ಲ ಇಲಿಗಳಂತೆಯೇ ಇರುತ್ತಿದ್ದವು. ಎದ್ದು ಒಂದು ಹೆಜ್ಜೆಯಿಡಲು ಹೊರಟರೆ ಸಾಕು, ಮೈಯೆಲ್ಲ ಗಡಗಡನೆ ನಡುಗುವುದು. ಹಾಗೆ ನಡುಗುತ್ತಲೇ, ಬೀಳುತ್ತಲೇ, ಏಳುತ್ತಲೇ ಅವು ಕಾಳಿನ ಬಟ್ಟಲಿನವರೆಗೆ ಹೋಗಿ ತಿಂದು ಬರುತ್ತಿದ್ದವು.

ಆಕೆಯ ಸಂಸ್ಥೆಯ ಮುಖ್ಯಸ್ಥನು ಒಂದು ಔಷಧವನ್ನು ಸಿದ್ಧಪಡಿಸಿದನು. ಇಲಿಗಳಿಗೆ ಅದನ್ನು ಕೊಟ್ಟರು. ನಡುಕವನ್ನು ನೋಡಿ ಅಂಕ ಹಾಕುವುದು ಅವರಲ್ಲಿ ಪದ್ಧತಿ. ಬಹಳ ನಡುಗಿದರೆ ಹೆಚ್ಚು ಅಂಕ, ನಡುಗದಿದ್ದರೆ ಸೊನ್ನೆ. ನೋಡಲು ಕುಳಿತವರು ಎಲ್ಲ ಇಲಿಗಳಿಗೂ ಸೊನ್ನೆಯನ್ನೇ ಹಾಕಿದರು. ನಡುಕ ನಿಂತಿತೆಂದು ಸಂಸ್ಥೆಯಲ್ಲಿ ಸಿಹಿ ಹಂಚಿದರು. ನರದ ಹೊದಿಕೆ ಇಲ್ಲದೆ ನಡುಗುವ ಮಕ್ಕಳು ಊರುಗಳಲ್ಲಿಯೂ ಇದ್ದರು. ಸುದ್ದಿ ಕೇಳಿ ಅವರ ತಾಯಂದಿರು ಕೂಸುಗಳನ್ನು ಮಡಿಲಲ್ಲಿಟ್ಟುಕೊಂಡು ಸಂಸ್ಥೆಯ ಬಾಗಿಲಲ್ಲಿ ಬಂದು ಕುಳಿತರು. ಆ ಮಕ್ಕಳಿಗೂ ಔಷಧವನ್ನು ಕೊಡಲು ಆರಂಭಿಸುವುದೆಂದು ಮುಖ್ಯಸ್ಥನು ಸಭೆ ಕರೆದನು.

ಎಲ್ಲರೂ ಹಿಗ್ಗಿದಾಗ ಆಕೆಗೆ ಮಾತ್ರ ಸಮಾಧಾನವಾಗಲಿಲ್ಲ. ಹೊದಿಕೆ ಬೆಳೆಯದೆ ನಡುಕ ನಿಲ್ಲುವುದು ಹೇಗೆ? ಒಂದು ಇಲಿಯ ನರವನ್ನು ತೆಳುವಾಗಿ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದಳು. ಬಿಗಿದ ಪದರವೊಂದೂ ಕಾಣಲಿಲ್ಲ. ತಂತುಗಳು ಮೊದಲು ಹೇಗಿದ್ದವೋ ಹಾಗೆಯೇ ಬತ್ತಲೆಯಾಗಿದ್ದವು. ಆಮೇಲೆ ಆಕೆ ಗೂಡುಗಳ ಮುಂದೆ ಕುಳಿತು ಇಲಿಗಳನ್ನೇ ನೋಡುತ್ತಿದ್ದಳು. ಇಲಿಗಳು ಮಲಗಿದ್ದವು. ಎಷ್ಟು ಹೊತ್ತು ಕಳೆದರೂ ಏಳಲಿಲ್ಲ. ಔಷಧವು ನರವನ್ನು ಮುಟ್ಟಿಯೇ ಇರಲಿಲ್ಲ. ಎದ್ದು ನಡೆಯಬೇಕೆಂಬ ಆಸೆಯನ್ನು ಕೊಂದಿತ್ತು. ನಡೆಯದ ಜೀವಕ್ಕೆ ನಡುಕವೆಲ್ಲಿಯದು?

ಸಭೆಗೆ ಹೋಗುವಾಗ ಆಕೆ ಗೂಡಿನೊಳಗಿನ ಒಂದು ಬಟ್ಟಲನ್ನು ಕೈಯಲ್ಲಿ ಹಿಡಿದುಕೊಂಡು ಹೋದಳು. ಮುಖ್ಯಸ್ಥನ ಮುಂದೆ ಮೇಜಿನ ಮೇಲೆ ಅದನ್ನು ಕುಕ್ಕಿದಳು.

"ಏನಿದು?" ಎಂದನು ಮುಖ್ಯಸ್ಥ.

"ಇಲಿಗಳ ಊಟ, ಸರ್. ನಿನ್ನೆ ಹಾಕಿದ್ದು. ಒಂದು ಕಾಳೂ ಕಡಿಮೆಯಾಗಿಲ್ಲ."

"ನಾವು ಅಳೆಯುತ್ತೇವೆಂದು ಹೇಳಿದ್ದು ನಡುಕವನ್ನು. ಅಳೆದಿದ್ದೇವೆ. ಊಟವನ್ನು ಅಳೆಯಿರಿ ಎಂದು ನಿಮಗೆ ಹೇಳಿದವರು ಯಾರು?"

"ಹೊಟ್ಟೆಗಿಲ್ಲದೆ ಸಾಯುತ್ತಿರುವ ಜೀವವನ್ನು ತೋರಿಸಿ ವಾಸಿಯಾಯಿತು ಎನ್ನುತ್ತೀರಲ್ಲ! ಹೊರಗೆ ತಾಯಂದಿರು ಕುಳಿತಿದ್ದಾರೆ. ಅವರ ಮಕ್ಕಳನ್ನೂ ಹೀಗೆಯೇ ಮಲಗಿಸುತ್ತೀರಾ? ನಾಚಿಕೆಯಾಗುವುದಿಲ್ಲವೇ ನಿಮಗೆ?"

ಹೀಗೆನ್ನುವಾಗ ಸಿಟ್ಟಿನಿಂದ ಆಕೆಯ ಕೈ ನಡುಗುತ್ತಿತ್ತು. ಮುಖ್ಯಸ್ಥನು ಅದನ್ನು ಕಂಡನು. ಸಭೆಯತ್ತ ತಿರುಗಿ ನಕ್ಕನು. "ನೋಡಿ, ಈಗ ಇವರೇ ನಡುಗುತ್ತಿದ್ದಾರೆ. ಸ್ವಲ್ಪ ನೀರು ಕುಡಿದು ಶಾಂತರಾಗಿ, ಮೇಡಂ."

ಸಭೆಯೂ ನಕ್ಕಿತು.

"ನೀರೇಕೆ, ಸರ್? ಆ ಔಷಧವನ್ನೇ ನನಗೂ ಕೊಟ್ಟುಬಿಡಿ. ನಿಮಗೂ ನೆಮ್ಮದಿ."

ನಗು ಅಲ್ಲಿಗೆ ನಿಂತಿತು. ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಟ್ಟಲನ್ನು ಎಳೆದುಕೊಂಡು ನೋಡಿ ಪಕ್ಕದವರಿಗೆ ಸಾಗಿಸಿದರು. ಬಟ್ಟಲು ಕೈಯಿಂದ ಕೈಗೆ ಹೋಯಿತು. ಮಕ್ಕಳಿಗೆ ಔಷಧ ಕೊಡುವ ಮಾತು ಅಂದೇ ಮುರಿದುಬಿತ್ತು. ಬಾಗಿಲಲ್ಲಿ ಕುಳಿತಿದ್ದ ತಾಯಂದಿರಿಗೆ ನಿಜವನ್ನು ಹೇಳಿದವಳೂ ಆಕೆಯೇ. ಒಬ್ಬ ತಾಯಿಯಂತೂ ಆಕೆಯನ್ನು ಶಪಿಸಿಯೇ ಹೋದಳು. ಇಲಿಗಳು ಮಾತ್ರ ಉಳಿಯಲಿಲ್ಲ. ಅವುಗಳಿಗೆ ಆ ಸಭೆಯೇ ತಡವಾಗಿತ್ತು.

ಗುರುಗಳು ಇಷ್ಟು ಹೇಳಿ ಮಾತು ನಿಲ್ಲಿಸಿದರು.

ತಾನು ಬಂದ ಕಾರಣವೇ ಮರುಳಸಿದ್ಧನಿಗೆ ಮರೆತುಹೋಗಿತ್ತು. ಆ ಬಟ್ಟಲು, ಆ ನಗು, ಶಾಂತರಾಗಿ ಎಂದ ಆ ನಯವಾದ ಮಾತು, ಒಂದೊಂದೂ ಅವನ ಮೈಯನ್ನು ಉರಿಸಿತು.

"ಅವನೂ ಒಬ್ಬ ಮನುಷ್ಯನೇ, ಬುದ್ಧಿ?" ಎಂದನು. "ತುಂಬಿದ ಬಟ್ಟಲು ಕಣ್ಣೆದುರಿಗೇ ಇದ್ದರೂ ಸದ್ದಡಗಿತೆಂದು ಸಿಹಿ ಹಂಚುವವನು! ನಿತ್ರಾಣಕ್ಕೂ ನೆಮ್ಮದಿಗೂ ಭೇದ ತಿಳಿಯದವನ ಕೈಗೆ ಜೀವಗಳನ್ನು ಒಪ್ಪಿಸಿದವರಾದರೂ ಯಾರು? ನನ್ನ ಕೈಯಲ್ಲಿ ಅಧಿಕಾರವಿದ್ದಿದ್ದರೆ ಅಂಥವನನ್ನು ಅಂದೇ ಹೊಸಿಲಿನಾಚೆಗೆ ನೂಕುತ್ತಿದ್ದೆ."

ಅಷ್ಟರಲ್ಲಿ ನಿಲಯದ ಕಡೆಯಿಂದ ಪ್ರಸಾದದ ಗಂಟೆ ಕೇಳಿಸಿತು. ಹಿಂದೆಲ್ಲ ಗಂಟೆಯ ಬೆನ್ನಲ್ಲೇ ಕೂಗಾಟ, ಓಟ, ತಟ್ಟೆಗಳ ತಾಕಲಾಟ ಕೇಳುತ್ತಿತ್ತು. ಈಗ ಏನೂ ಕೇಳಲಿಲ್ಲ. ಗುರುಗಳು ಆ ಕಡೆಗೆ ಕಿವಿಗೊಟ್ಟು ಕುಳಿತಿದ್ದರು. ಎಂದೂ ಕೆಂಪಾಗದ ಅವರ ಕಣ್ಣುಗಳು ಕೆಂಪಾಗಿದ್ದುದನ್ನು ಮರುಳಸಿದ್ಧನು ಆಗ ಕಂಡನು.

"ಉಗ್ರಾಣದಲ್ಲಿ ಅಕ್ಕಿ ಉಳಿಯುತ್ತಿದೆ ಎಂದೆಯಲ್ಲ, ಮರುಳಸಿದ್ಧ, ಏಕೆ ಉಳಿಯುತ್ತಿದೆ?" ಎಂದರು ಗುರುಗಳು.